ಲೋಪವಾದ ಒಂದು ಪರಮಾಣು

ಸಾಂತಾಕ್ರೂಜ್ ಪೂರ್ವದ ಕಲೀನಾದಲ್ಲಿ, ಮುಂಬಯಿ ವಿಶ್ವವಿದ್ಯಾಲಯದ ವಿದ್ಯಾನಗರಿಯ ಆಸುಪಾಸಿನಲ್ಲಿ, ಮಧ್ಯಾಹ್ನದ ಹೊತ್ತು ಚಹಾದ ಅಂಗಡಿಯ ಮುಂದೆ ನಿಂತವರಲ್ಲಿ ಒಬ್ಬಿಬ್ಬರಾದರೂ 'ಸಕ್ಕರೆ ಬೇಡ' ಎನ್ನುವವರು ಇದ್ದೇ ಇರುತ್ತಾರೆ. ಹಬ್ಬದ ಪದವಾಗಿದ್ದ ಸಕ್ಕರೆ ಒಂದೆರಡು ತಲೆಮಾರುಗಳಲ್ಲಿ ರೋಗದ ಹೆಸರಾಗಿಬಿಟ್ಟಿದೆ. 'ಅವರಿಗೆ ಸಕ್ಕರೆ ಇದೆ' ಎಂದರೆ ಅದು ಸಿರಿತನದ ಮಾತಲ್ಲ, ಕಾಯಿಲೆಯ ಮಾತು. ಸಂಸ್ಕೃತದ 'ಶರ್ಕರಾ' ಎಂಬ ಪದಕ್ಕೆ ಮೂಲದಲ್ಲಿ ಹರಳು, ಮರಳು ಎಂಬ ಅರ್ಥವಿತ್ತು. ಕಬ್ಬಿನ ರಸ ಹರಳುಗಟ್ಟಿದಾಗ ಅದೇ ಪದ ಸಿಹಿಯನ್ನು ಹೊತ್ತುಕೊಂಡು ಅರಬರ ಮೂಲಕ ಯೂರೋಪಿನ ಭಾಷೆಗಳಿಗೂ ಸಂಚರಿಸಿತು. ಆದರೆ ರಸಾಯನಶಾಸ್ತ್ರದ ಸಕ್ಕರೆಗಳು ಇಷ್ಟಕ್ಕೆ ಮುಗಿಯುವುದಿಲ್ಲ. ಅವುಗಳಲ್ಲಿ ಕೆಲವು ನಾಲಗೆಗೆ ಸಿಹಿಯೂ ಅಲ್ಲ, ದೇಹಕ್ಕೆ ಇಂಧನವೂ ಅಲ್ಲ. ಜೀವಕೋಶದ ಹೊರಮೈಮೇಲೆ ದಟ್ಟವಾದ ಪೊದೆಯಂತೆ ಬೆಳೆದು, ಇದು ಯಾರ ಕೋಶ, ಯಾವ ಅಂಗದ್ದು, ಸ್ವಂತದ್ದೋ ಪರಕೀಯವೋ ಎಂಬುದನ್ನು ಸಾರುವ ಗುರುತುಗಳು ಅವು.

ಈ ಮಾತಿಗೆ ದೃಷ್ಟಾಂತವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ವೈದ್ಯಶಾಸ್ತ್ರದ ಗ್ರಂಥಗಳಲ್ಲಿ ಈ ನಗರದ ಹೆಸರನ್ನೇ ಹೊತ್ತ ಒಂದು ರಕ್ತಗುಂಪಿದೆ. 1952ರಲ್ಲಿ ವೈ. ಎಂ. ಭೇಂಡೆ ಮತ್ತು ಅವರ ಸಂಗಡಿಗರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದನ್ನು ಮೊದಲು ವರದಿ ಮಾಡಿದರು. ಎ, ಬಿ, ಒ ರಕ್ತಗುಂಪುಗಳೆಂಬುವು ಕೆಂಪು ರಕ್ತಕಣಗಳ ಮೇಲಿನ ಸಕ್ಕರೆ ಸರಪಳಿಗಳ ತುದಿಯಲ್ಲಿರುವ ವ್ಯತ್ಯಾಸಗಳು ಮಾತ್ರ. ತುದಿಯಲ್ಲಿ ಮೊದಲು ಫ್ಯೂಕೋಸ್ ಎಂಬ ಸಕ್ಕರೆ ಸೇರಿ 'ಎಚ್' ಎಂಬ ಬುನಾದಿ ಸಿದ್ಧವಾಗುತ್ತದೆ. ಅದರ ಮೇಲೆ ಒಂದು ಬಗೆಯ ಸಕ್ಕರೆ ಕುಳಿತರೆ ಎ, ಇನ್ನೊಂದು ಕುಳಿತರೆ ಬಿ, ಏನೂ ಕೂರದಿದ್ದರೆ ಒ. ಮುಂಬಯಿ ಗುಂಪಿನವರಲ್ಲಿ ಆ ಫ್ಯೂಕೋಸೇ ಇಲ್ಲ. ಬುನಾದಿಯೇ ಇಲ್ಲದಲ್ಲಿ ಎ ಅಥವಾ ಬಿ ಕಟ್ಟುವ ವಂಶವಾಹಿ ಇದ್ದರೂ ಪ್ರಯೋಜನವಿಲ್ಲ. ವಾಡಿಕೆಯ ಪರೀಕ್ಷೆಯಲ್ಲಿ ಇವರು ಒ ಗುಂಪಿನವರಂತೆ ತೋರುತ್ತಾರೆ. ಆದರೆ ಒ ಗುಂಪಿನ ರಕ್ತ ಕೊಟ್ಟರೆ ಅವರ ದೇಹ ಅದನ್ನು ಪರಕೀಯವೆಂದು ಬಗೆದು ತಿರುಗಿಬೀಳುತ್ತದೆ. ತನ್ನಲ್ಲಿಲ್ಲದ ಒಂದು ಸಕ್ಕರೆಯನ್ನು ಇನ್ನೊಬ್ಬರಲ್ಲಿ ಕಂಡು ಪ್ರಾಣಕ್ಕೆ ಎರವಾಗುವಷ್ಟು ಕೆರಳುವ ಈ ವಿಚಿತ್ರವನ್ನು ಇಲ್ಲಿ ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಬೆಂಗಳೂರಿನಲ್ಲಿ ಬೆಳೆದ ವೈದ್ಯವಿಜ್ಞಾನಿಯೊಬ್ಬರು ತಮ್ಮ ಜೀವಮಾನದ ಸಂಶೋಧನೆಯಿಂದ ಕಂಡುಕೊಂಡದ್ದು ಇದರ ಇನ್ನೊಂದು ರೂಪವನ್ನು: ವಾನರಕುಲದ ನೆಂಟರ ನಡುವೆ ಇಡೀ ಮನುಷ್ಯಜಾತಿಯೇ ಒಂದು 'ಮುಂಬಯಿ ಗುಂಪು'.

ಅಜಿತ್ ವರ್ಕಿ ಎಂಬ ಈ ವಿಜ್ಞಾನಿಯ ಹೆಸರು ಕನ್ನಡ ಓದುಗರಿಗೆ ಅಷ್ಟಾಗಿ ಪರಿಚಿತವಲ್ಲ. ಅಣುಶಕ್ತಿ ಕೇಂದ್ರದಲ್ಲಿ ವಿಜ್ಞಾನಿಯಾಗಿ ದುಡಿಯುತ್ತ ಕಾದಂಬರಿಗಳನ್ನು ಬರೆದ ವ್ಯಾಸರಾವ್ ನಿಂಜೂರರಂಥವರನ್ನು ಕಂಡ ಮುಂಬಯಿ ಕನ್ನಡಿಗರಿಗೆ ಪ್ರಯೋಗಾಲಯವೂ ಸಾಹಿತ್ಯವೂ ಒಂದೇ ಮನೆಯ ಎರಡು ಕೋಣೆಗಳೆಂಬುದು ಹೊಸ ಸಂಗತಿಯಲ್ಲ. ವರ್ಕಿಯವರ ಮನೆತನದಲ್ಲೂ ಅಕ್ಷರದ ನಂಟು ಇತ್ತು. ಅವರ ತಾತ ಪೋತನ್ ಜೋಸೆಫ್ (1892–1972) ಭಾರತೀಯ ಪತ್ರಿಕೋದ್ಯಮದ ಹಿರಿಯರಲ್ಲೊಬ್ಬರು. ಈ ನಗರದ 'ಬಾಂಬೆ ಕ್ರಾನಿಕಲ್'ನಲ್ಲಿ ದುಡಿದವರು, 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ 'ಡೆಕ್ಕನ್ ಹೆರಾಲ್ಡ್' ಪತ್ರಿಕೆಯ ಮೊದಲ ಸಂಪಾದಕರು. 'ಓವರ್ ಎ ಕಪ್ ಆಫ್ ಟೀ' ಎಂಬ ಅವರ ಅಂಕಣ ದಶಕಗಳ ಕಾಲ ನಡೆಯಿತು. ಕುಟುಂಬದ ಮೂಲ ಕೇರಳದ್ದು. ಮೊಮ್ಮಗ ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ, ಅನಂತರ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ.

1970ರ ದಶಕದ ಮೊದಲ ವರ್ಷಗಳ ಆ ವೆಲ್ಲೂರಿನ ಕುರಿತು ಒಂದು ಮಾತು ಹೇಳಬೇಕು. ಭಾರತದಲ್ಲಿ ಸಂಕೀರ್ಣ ಸಕ್ಕರೆಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದ ಬಿಮಲ್ ಕುಮಾರ್ ಬಚಾವತ್ ಅವರ ಪ್ರಯೋಗಾಲಯ ಇದ್ದದ್ದು ಅದೇ ಕಾಲೇಜಿನ ಆವರಣದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂದೆ ಹಲಸಿನ ಬೀಜದ 'ಜಕಾಲಿನ್' ಎಂಬ ಪ್ರೋಟೀನು ಸಕ್ಕರೆಗಳನ್ನು ಹೇಗೆ ಆರಿಸಿ ಹಿಡಿಯುತ್ತದೆಂಬುದನ್ನು ಶೋಧಿಸಿದ ಅವಧೇಶ ಸುರೋಲಿಯಾ ಅವರೂ ಬಚಾವತರ ಶಿಷ್ಯರೇ. ಗುರುಪರಂಪರೆಯ ಲೆಕ್ಕದಲ್ಲಿ ನೋಡಿದರೆ ದಕ್ಷಿಣ ಭಾರತದ ಈ ಆಸ್ಪತ್ರೆಯೂರು ಒಂದು ಶಾಸ್ತ್ರದ ಮೂಲಸ್ಥಾನಗಳಲ್ಲಿ ಒಂದು.

ವೈದ್ಯಪದವಿಯ ಬಳಿಕ ವರ್ಕಿ ಅಮೆರಿಕಕ್ಕೆ ತೆರಳಿದರು. ನೆಬ್ರಾಸ್ಕದಲ್ಲಿ ತರಬೇತಿ ಪಡೆದು, ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸ್ಟುವರ್ಟ್ ಕೋರ್ನ್‌ಫೆಲ್ಡ್ ಅವರ ಪ್ರಯೋಗಾಲಯ ಸೇರಿದರು. ಅಲ್ಲಿ ಅವರ ಗಮನಕ್ಕೆ ಬಂದದ್ದು 'ಐ-ಸೆಲ್' ಎಂಬ, ಹಸುಳೆಗಳನ್ನು ಬಾಧಿಸುವ ದಾರುಣವಾದ ಆನುವಂಶಿಕ ಕಾಯಿಲೆ. ಕೋಶದೊಳಗೆ ತ್ಯಾಜ್ಯವನ್ನು ಜೀರ್ಣಿಸುವ ಪುಟ್ಟ ಕೋಶಾಂಗಗಳಿವೆ. ಅಲ್ಲಿಗೆ ಹೋಗಬೇಕಾದ ಕಿಣ್ವಗಳ ಮೇಲೆ ಮ್ಯಾನೋಸ್ ಎಂಬ ಸಕ್ಕರೆಗೆ ಫಾಸ್ಫೇಟ್ ತಗುಲಿಸಿ ವಿಳಾಸ ಬರೆಯಲಾಗುತ್ತದೆ. ಮುಂಬಯಿಯ ಡಬ್ಬಾವಾಲಾನ ಡಬ್ಬಿಯ ಮುಚ್ಚಳದ ಮೇಲಿನ ಬಣ್ಣದ ಗುರುತು ಅಳಿಸಿಹೋದರೆ ಊಟ ಕಚೇರಿ ತಲುಪದೆ ನಿಲ್ದಾಣದಲ್ಲೇ ಉಳಿಯುವಂತೆ, ಆ ವಿಳಾಸವಿಲ್ಲದ ಕಿಣ್ವಗಳು ಕೋಶದ ಹೊರಗೆ ಬಿದ್ದುಹೋಗುತ್ತವೆ. ಒಳಗೆ ಕಸ ತುಂಬುತ್ತದೆ. ವಿಳಾಸ ಬರೆಯುವ ಕಿಣ್ವದ ಕೊರತೆಯೇ ರೋಗದ ಮೂಲವೆಂದು ತೋರಿಸಿದ 1981ರ ಪ್ರಬಂಧದ ಲೇಖಕರಲ್ಲಿ ವರ್ಕಿಯೂ ಒಬ್ಬರು. ಜೀರ್ಣಿಸುವ ಶಕ್ತಿ ಕಿಣ್ವದಲ್ಲಿ ಪೂರ್ಣವಾಗಿಯೇ ಇದೆ. ಇಲ್ಲದ್ದು ಅದರ ಮೇಲಿನ ಚಿಕ್ಕ ಗುರುತು. ಅಷ್ಟಕ್ಕೇ ಮಗು ಉಳಿಯುವುದಿಲ್ಲ.

ಆ ಕಾಲದ ಜೀವವಿಜ್ಞಾನದಲ್ಲಿ ಸಕ್ಕರೆಗಳಿಗೆ ಮರ್ಯಾದೆಯಿರಲಿಲ್ಲವೆಂದರೆ ಅತಿಶಯೋಕ್ತಿಯಲ್ಲ. ಡಿಎನ್ಎಯಿಂದ ಆರ್‌ಎನ್ಎ, ಅದರಿಂದ ಪ್ರೋಟೀನು ಎಂಬ ಸೂತ್ರದ ತೇಜಸ್ಸಿನಲ್ಲಿ ಉಳಿದದ್ದೆಲ್ಲ ಮಂಕಾಗಿತ್ತು. ಡಿಎನ್ಎಯೂ ಪ್ರೋಟೀನೂ ಒಂದೇ ಸಾಲಿನ ಬರಹಗಳು; ಮೂಲಪ್ರತಿಯನ್ನು ನೋಡಿ ನಕಲು ಮಾಡಬಹುದಾದವು. ಸಕ್ಕರೆಯ ಸರಪಳಿಯಾದರೋ ಕೊಂಬೆಗಳೊಡೆಯುತ್ತದೆ. ಅದಕ್ಕೆ ನೇರವಾದ ಮೂಲಪ್ರತಿಯೆಂಬುದಿಲ್ಲ. ಹತ್ತಾರು ಕಿಣ್ವಗಳು ಒಂದಾದಮೇಲೊಂದು ಕೈಹಚ್ಚಿ ಅದನ್ನು ಕಟ್ಟುತ್ತವೆ. ಒಂದೇ ಪ್ರೋಟೀನಿನ ಎರಡು ಪ್ರತಿಗಳ ಮೇಲೆ ಎರಡು ಬಗೆಯ ಕೊಂಬೆಗಳಿರಬಹುದು. ಶಿಷ್ಟ ಕಾವ್ಯದ ಸಂಪಾದನೆಗೆ ಒಗ್ಗಿದ ವಿದ್ವಾಂಸನ ಮುಂದೆ ಹಾಡುಗಾರರಿಂದ ಹಾಡುಗಾರರಿಗೆ ಬದಲಾಗುವ ಮೌಖಿಕ ಕಾವ್ಯವನ್ನಿಟ್ಟಂತೆ. ಅದನ್ನು ಓದುವ ಉಪಕರಣಗಳಿಲ್ಲದೆ ಬಹುತೇಕರು ಸುಮ್ಮನೆ ಪಕ್ಕಕ್ಕಿಟ್ಟರು. 'ಗ್ಲೈಕೊಬಯಾಲಜಿ' ಎಂಬ ಹೆಸರೇ ಈ ಶಾಸ್ತ್ರಕ್ಕೆ ಚಲಾವಣೆಗೆ ಬಂದದ್ದು 1988ರಲ್ಲಿ, ಆಕ್ಸ್‌ಫರ್ಡಿನ ರೇಮಂಡ್ ಡ್ವೆಕ್ ಮತ್ತು ಸಹೋದ್ಯೋಗಿಗಳ ಲೇಖನದಿಂದ. ಅಷ್ಟರಲ್ಲಿ ವರ್ಕಿ ಈ ದಾರಿ ಹಿಡಿದು ವರ್ಷಗಳೇ ಆಗಿದ್ದವು. 1982ರಲ್ಲಿ ಅವರು ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂದರು. ಪತ್ನಿ ನಿಸ್ಸಿ ವರ್ಕಿ ರೋಗಲಕ್ಷಣ ವಿಜ್ಞಾನದಲ್ಲಿ ಪರಿಣತೆ. ಮುಂದಿನ ಸಂಶೋಧನೆಗಳಲ್ಲಿ ಸಹಭಾಗಿ.

ಅವರ ಬಾಳಿನ ಮುಖ್ಯ ಪ್ರಶ್ನೆ ಎದುರಾದದ್ದು ರೋಗಿಯ ಹಾಸಿಗೆಯ ಬಳಿ. 1980ರ ದಶಕದಲ್ಲಿ, ಅಸ್ಥಿಮಜ್ಜೆ ಬತ್ತಿಹೋದ ರೋಗಿಯೊಬ್ಬರಿಗೆ ಕುದುರೆಯ ಸೀರಮ್ಮಿನಿಂದ ಚಿಕಿತ್ಸೆ ನಡೆದಿತ್ತು. ಕುದುರೆಯ ಸೀರಮ್ ಎಂಬುದು ಮುಂಬಯಿಗೆ ಹೊಸದಲ್ಲ. ಪರೇಲಿನ ಹಾಫ್‌ಕಿನ್ ಸಂಸ್ಥೆ ಹಾವಿನ ವಿಷಕ್ಕೆ ಮದ್ದು ತಯಾರಿಸಿದ್ದು ಕುದುರೆಗಳ ರಕ್ತದಿಂದಲೇ, ಮತ್ತು ಅಂಥ ಮದ್ದು ಪಡೆದವರಲ್ಲಿ ಕೆಲವರಿಗೆ ಕೆಲ ದಿನಗಳ ಬಳಿಕ ಜ್ವರ, ದದ್ದು, ಕೀಲುನೋವು ಕಾಣಿಸಿಕೊಳ್ಳುವುದು ವೈದ್ಯರಿಗೆ ಚಿರಪರಿಚಿತ. ವರ್ಕಿಯವರ ರೋಗಿಗೂ ಅದೇ ಆಯಿತು. ಆ ಪ್ರತಿಕ್ರಿಯೆಯ ಬೆನ್ನು ಹತ್ತಿದಾಗ ಸಿಕ್ಕಿದ್ದು ಒಂದು ಸಕ್ಕರೆ. ಇಂಥ ರೋಗಿಗಳ ರಕ್ತದಲ್ಲಿನ ವಿಶಿಷ್ಟ ಪ್ರತಿಕಾಯಗಳನ್ನು 1924ರಲ್ಲಿ ಹಂಗನುತ್ಸಿಯು, 1926ರಲ್ಲಿ ಡೈಖರ್ ಗುರುತಿಸಿದ್ದರು. ಆ ಪ್ರತಿಕಾಯಗಳ ಗುರಿ ಒಂದು ಬಗೆಯ ಸಿಯಾಲಿಕ್ ಆಮ್ಲವೆಂಬುದು 1977ರಲ್ಲಿ ತಿಳಿದುಬಂದಿತ್ತು. ಕುದುರೆಯಲ್ಲಿರುವ ಈ ವಸ್ತು ಮನುಷ್ಯನಲ್ಲಿ ಇಲ್ಲ ಎಂಬಲ್ಲಿಗೆ ವಿಚಾರ ನಿಂತಿತ್ತು. ಏಕೆ ಇಲ್ಲ, ಯಾವಾಗಿನಿಂದ ಇಲ್ಲ ಎಂದು ಹಟ ಹಿಡಿದು ಕೇಳಿದವರು ವರ್ಕಿ.

ಸಿಯಾಲಿಕ್ ಆಮ್ಲಗಳೆಂದರೆ ಒಂಬತ್ತು ಇಂಗಾಲ ಪರಮಾಣುಗಳ ಬೆನ್ನೆಲುಬುಳ್ಳ ಸಕ್ಕರೆಗಳು. 1936ರಲ್ಲಿ ಸ್ವೀಡನ್ನಿನ ಗುನ್ನಾರ್ ಬ್ಲಿಕ್ಸ್ ಇವನ್ನು ಜಾನುವಾರುಗಳ ಲಾಲಾಗ್ರಂಥಿಯ ಲೋಳೆಯಿಂದ ಬೇರ್ಪಡಿಸಿದ್ದರು. ಗ್ರೀಕ್ ಭಾಷೆಯಲ್ಲಿ ಜೊಲ್ಲಿಗೆ 'ಸಿಯಾಲೋನ್' ಎನ್ನುವುದರಿಂದ ಆ ಹೆಸರು ಬಂತು. ಕೋಶದ ಸಕ್ಕರೆ ಕೊಂಬೆಗಳ ತುತ್ತತುದಿಯಲ್ಲಿ ಇವುಗಳ ವಾಸ. ತುದಿಯಲ್ಲಿರುವುದರಿಂದಲೇ ಹೊರಗಿನಿಂದ ಬಂದವರ ಕೈ ಮೊದಲು ತಗಲುವುದು ಇವಕ್ಕೆ. ಇನ್‌ಫ್ಲುಯೆಂಜಾ ವೈರಸ್ಸು ಕೋಶದ ಒಳಹೊಗಲು ಹಿಡಿಯುವ ಅಗುಳಿ ಸಿಯಾಲಿಕ್ ಆಮ್ಲವೇ. ವೃತ್ತಪತ್ರಿಕೆಗಳಲ್ಲಿ 'ಎಚ್1ಎನ್1' ಎಂದು ಅಚ್ಚಾಗುವ ಹೆಸರಿನ ಮೊದಲ ಅಕ್ಷರ ಆ ಅಗುಳಿಯನ್ನು ಹಿಡಿಯುವ ಕೈಯದು, ಎರಡನೆಯದು ಹೊರಬರುವಾಗ ಅದನ್ನು ಕತ್ತರಿಸುವ ಕತ್ತರಿಯದು.

ಸಸ್ತನಿಗಳಲ್ಲಿ ಈ ಆಮ್ಲದ ಎರಡು ರೂಪಗಳು ಮುಖ್ಯ: ಅಸಿಟೈಲ್ ರೂಪ ಮತ್ತು ಗ್ಲೈಕೊಲಿಲ್ ರೂಪ. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಆಮ್ಲಜನಕ ಪರಮಾಣು. ಪದವೊಂದರಲ್ಲಿ ಒಂದು ಸೊನ್ನೆ ಇದ್ದು ಇಲ್ಲದಂತೆ. ಮೊದಲನೆಯದಕ್ಕೆ ಆ ಪರಮಾಣುವನ್ನು ಸೇರಿಸಿ ಎರಡನೆಯದಾಗಿಸುವ ಕಿಣ್ವವೊಂದಿದೆ. ಚಿಂಪಾಂಜಿ, ಗೊರಿಲ್ಲ, ಒರಾಂಗುಟಾನ್‌ಗಳಲ್ಲಿ ಆ ಕಿಣ್ವ ಕೆಲಸ ಮಾಡುತ್ತದೆ, ಮನುಷ್ಯನಲ್ಲಿ ಇಲ್ಲ. 1998ರಲ್ಲಿ ವರ್ಕಿಯವರ ತಂಡವೂ, ಸ್ವತಂತ್ರವಾಗಿ ಜಪಾನಿನ ಸಂಶೋಧಕರೂ ಇದರ ಕಾರಣವನ್ನು ಹೊರಗೆಡಹಿದರು. ಆ ಕಿಣ್ವದ ವಂಶವಾಹಿಯಲ್ಲಿ 92 ಅಕ್ಷರಗಳ ಒಂದು ತುಣುಕು ಮನುಷ್ಯನಲ್ಲಿ ಬಿಟ್ಟುಹೋಗಿದೆ. ಕನ್ನಡ ಛಂದಸ್ಸನ್ನು ಓದಿದವರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ವಂಶವಾಹಿಯ ಬರಹವೂ ಅಕ್ಷರಗಣದಂತೆ ಮೂರು ಮೂರು ಅಕ್ಷರಗಳಿಗೊಂದು ಗಣವಾಗಿ ಓದಲ್ಪಡುವಂಥದು. 90 ಅಕ್ಷರಗಳು ಬಿದ್ದುಹೋಗಿದ್ದರೆ ಮೂವತ್ತು ಗಣಗಳು ಕಳೆದು ಉಳಿದ ಭಾಗ ಗತಿ ತಪ್ಪದೆ ಸಾಗಬಹುದಿತ್ತು. 92ನ್ನು ಮೂರರಿಂದ ಭಾಗಿಸಿದರೆ ಎರಡು ಉಳಿಯುತ್ತದೆ. ವೃತ್ತವೊಂದರ ನಡುವೆ ಎರಡು ಅಕ್ಷರ ಜಾರಿದರೆ ಆಮೇಲಿನ ಪ್ರತಿಯೊಂದು ಗಣವೂ ಕೆಡುವಂತೆ, ಮುಂದಿನ ಬರಹವೆಲ್ಲ ಅರ್ಥಹೀನವಾಯಿತು.

ಓಲೆಗರಿಯ ಪ್ರತಿಗಳನ್ನು ಹೋಲಿಸಿ ಸ್ಖಾಲಿತ್ಯ ಯಾವ ಶಾಖೆಯಲ್ಲಿ ನುಗ್ಗಿತೆಂದು ನಿರ್ಣಯಿಸುವ ವಿಧಾನವನ್ನೇ ಇಲ್ಲಿಯೂ ಅನುಸರಿಸಲಾಯಿತೆನ್ನಬಹುದು. ಮಹಾವಾನರಗಳೆಲ್ಲದರ ಪ್ರತಿಯೂ ಶುದ್ಧ. ಮನುಷ್ಯನದು ಮಾತ್ರ ತ್ರುಟಿತ. ಆದುದರಿಂದ ಲೋಪ ಸಂಭವಿಸಿದ್ದು ಚಿಂಪಾಂಜಿಯ ಶಾಖೆ ಬೇರೆಯಾದ ಮೇಲೆ. 2002ರಲ್ಲಿ ಸ್ವಾಂತೆ ಪಾಬೊ ಮೊದಲಾದವರ ಜೊತೆಗೂಡಿ ನಿಯಾಂಡರ್ತಾಲ್ ಪಳೆಯುಳಿಕೆಯನ್ನು ಪರೀಕ್ಷಿಸಿದಾಗ ಅಲ್ಲಿಯೂ ಗ್ಲೈಕೊಲಿಲ್ ರೂಪ ಸಿಗಲಿಲ್ಲ. ಹಾಗಾಗಿ ಈ ಲೋಪ ನಿಯಾಂಡರ್ತಾಲರಿಗಿಂತಲೂ ಹಳೆಯದು. ಇಪ್ಪತ್ತರಿಂದ ಮೂವತ್ತು ಲಕ್ಷ ವರ್ಷಗಳ ಹಿಂದಿನದೆಂಬುದು ಅಂದಾಜು. ಮನುಷ್ಯ ಮತ್ತು ಚಿಂಪಾಂಜಿಗಳ ನಡುವೆ ಹೀಗೆ ಜೀನಿನ ಮಟ್ಟದಲ್ಲಿಯೂ ಅದರ ಫಲದ ಮಟ್ಟದಲ್ಲಿಯೂ ಒಟ್ಟಿಗೆ ಗುರುತಿಸಲಾದ ಮೊದಲ ವ್ಯತ್ಯಾಸಗಳಲ್ಲಿ ಇದು ಒಂದು. ಮನುಷ್ಯನ ವೈಶಿಷ್ಟ್ಯವೆಂದರೆ ಏನೋ ಹೆಚ್ಚಿನದನ್ನು ಪಡೆದದ್ದು ಎಂದೇ ಎಲ್ಲರೂ ಭಾವಿಸುತ್ತಾರೆ. ಇಲ್ಲಿ ಸಿಕ್ಕಿದ್ದು ಕಳೆದುಕೊಂಡದ್ದರ ಲೆಕ್ಕ.

ಕಳೆದುಕೊಂಡದ್ದರಿಂದ ಲಾಭವಾಯಿತೇ? 2005ರಲ್ಲಿ ಅವರ ತಂಡ ಮಲೇರಿಯಾದ ಕುರಿತು ಒಂದು ಸೂಚನೆಯನ್ನು ಮುಂದಿಟ್ಟಿತು. ಚಿಂಪಾಂಜಿಯ ಮಲೇರಿಯಾ ಪರಾವಲಂಬಿ ಗ್ಲೈಕೊಲಿಲ್ ರೂಪವನ್ನು ಹಿಡಿದು ರಕ್ತಕಣವನ್ನು ಹೊಗುತ್ತದೆ. ಮನುಷ್ಯನ ಮಾರಕ ಪರಾವಲಂಬಿ ಫಾಲ್ಸಿಪಾರಂ ಅಸಿಟೈಲ್ ರೂಪಕ್ಕೆ ಒಲಿಯುತ್ತದೆ. ಆ ಸಕ್ಕರೆಯನ್ನು ಕಳೆದುಕೊಂಡ ಪೂರ್ವಜರು ಹಳೆಯ ಮಲೇರಿಯಾದಿಂದ ಪಾರಾಗಿರಬಹುದು. ಬಹುಕಾಲದ ಮೇಲೆ ಹೊಸ ಪರಾವಲಂಬಿ ಬದಲಾದ ಬಾಗಿಲಿಗೆ ಹೊಂದುವ ಕೀಲಿಯೊಂದಿಗೆ ಬಂದಿರಬಹುದು. 2018ರಲ್ಲಿ ಅದೇ ಜೀನನ್ನು ಕಳೆದ ಇಲಿಗಳು ಹೆಚ್ಚು ದೂರ ಓಡಬಲ್ಲವೆಂದು ಕಂಡುಬಂತು. ಬಯಲಿನಲ್ಲಿ ಬೇಟೆಯ ಹಿಂದೆ ಓಡಿದ ಆದಿಮಾನವನಿಗೆ ಇದು ನೆರವಾಗಿರಬಹುದೆಂಬ ಊಹೆಯೂ ಹುಟ್ಟಿತು. ಊಹೆಗಳನ್ನು ಊಹೆಗಳೆಂದೇ ಇಟ್ಟುಕೊಳ್ಳುವುದು ಒಳ್ಳೆಯದು.

ವ್ಯಾಕರಣದಲ್ಲಿ ಲೋಪದ ಜೊತೆಗೆ ಆಗಮವೂ ಇದೆ. ಈ ಕಥೆಯಲ್ಲಿ ನಿಜವಾದ ತೊಡಕು ಹುಟ್ಟುವುದು ಅಲ್ಲಿ. ಮನುಷ್ಯದೇಹ ಗ್ಲೈಕೊಲಿಲ್ ರೂಪವನ್ನು ತಯಾರಿಸಲಾರದು. ಆದರೂ ಮನುಷ್ಯರ ಅಂಗಾಂಶಗಳಲ್ಲಿ, ಕೆಲವು ಗೆಡ್ಡೆಗಳಲ್ಲಿ, ಅದು ಅತ್ಯಲ್ಪ ಪ್ರಮಾಣದಲ್ಲಿ ಕಾಣಿಸುತ್ತಿತ್ತು. ಎಲ್ಲಿಂದ ಬಂತು? ದನ, ಕುರಿ, ಹಂದಿಗಳ ಮಾಂಸದಲ್ಲಿ ಅದು ಧಾರಾಳ, ಹಾಲಿನಲ್ಲಿ ಸ್ವಲ್ಪ, ಕೋಳಿಯಲ್ಲಿ ಇಲ್ಲ, ಸಾಮಾನ್ಯ ಮೀನಿನಲ್ಲಿ ತೀರ ಕಡಿಮೆ, ಸಸ್ಯಗಳಲ್ಲಿ ಇಲ್ಲವೇ ಇಲ್ಲ. ಊಟದಿಂದ ಬಂದದ್ದು ದೇಹದ ಕೋಶಗಳಲ್ಲಿ ಸೇರಿಕೊಳ್ಳಬಲ್ಲುದೇ ಎಂದು ತಿಳಿಯಲು ವರ್ಕಿಯವರು ಶುದ್ಧೀಕರಿಸಿದ ಆ ಸಕ್ಕರೆಯನ್ನು ನೀರಿನಲ್ಲಿ ಕಲಸಿ ತಾವೇ ಕುಡಿದರು. ಪರೀಕ್ಷಿಸಿದಾಗ ಬಹುಪಾಲು ಹೊರಹೋದದ್ದೂ, ಅಲ್ಪಾಂಶ ದೇಹದಲ್ಲಿ ಸೇರಿಕೊಂಡದ್ದೂ ಕಂಡಿತು. ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಅದೇ ಪ್ರಬಂಧ ಇನ್ನೊಂದನ್ನೂ ತೋರಿಸಿತು: ಆರೋಗ್ಯವಂತರ ರಕ್ತದಲ್ಲಿಯೂ ಈ ಸಕ್ಕರೆಯ ವಿರುದ್ಧ ಪ್ರತಿಕಾಯಗಳಿವೆ.

ಪರಕೀಯವೊಂದು ಮನೆಯವನ ವೇಷದಲ್ಲಿ ಒಳಸೇರಿದೆ, ಕಾವಲುಗಾರನಿಗೆ ಅದರ ಮೇಲೆ ಸಂಶಯವೂ ಇದೆ. ಹೀಗಾದಾಗ ಅಲ್ಲಿ ಸಣ್ಣಗೆ, ನಿರಂತರವಾಗಿ ಉರಿಯೂತ ನಡೆಯಬಹುದು. 2015ರಲ್ಲಿ ವರ್ಕಿಯವರ ತಂಡ ಮನುಷ್ಯನಂತೆಯೇ ಆ ಜೀನನ್ನು ಕಳೆದ ಇಲಿಗಳಲ್ಲಿ, ಪ್ರತಿಕಾಯಗಳೂ ಇದ್ದು ಆಹಾರದಲ್ಲಿ ಆ ಸಕ್ಕರೆಯೂ ಇದ್ದಾಗ, ಯಕೃತ್ತಿನ ಗೆಡ್ಡೆಗಳು ಹೆಚ್ಚುವುದನ್ನು ತೋರಿಸಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕವೆಂದೂ ಕೆಂಪು ಮಾಂಸವನ್ನು ಸಂಭಾವ್ಯ ಕ್ಯಾನ್ಸರ್‌ಕಾರಕವೆಂದೂ ವರ್ಗೀಕರಿಸಿತು. ಅದು ನಿಂತದ್ದು ಬೇರೆ ಸಾಕ್ಷ್ಯಗಳ ಮೇಲೆ. ಆದರೆ ಜನರ ಮನಸ್ಸಿನಲ್ಲಿ ಎರಡೂ ಬೆರೆತುಹೋದವು. ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿಯೂ ಎಷ್ಟರ ಮಟ್ಟಿಗೆ ನಿಜವೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಇದನ್ನು ಒತ್ತಿ ಹೇಳಬೇಕಾದ ಕಾರಣವಿದೆ. ಊಟದ ತಟ್ಟೆ ಜಾತಿಯ ಗುರುತೂ ಜಗಳದ ಕಾರಣವೂ ಆಗಿರುವ ನಾಡಿನಲ್ಲಿ ಇಂಥ ಸಂಶೋಧನೆಯನ್ನು ಯಾರಾದರೊಬ್ಬರು ತಮ್ಮ ಪಂಕ್ತಿಯ ಶ್ರೇಷ್ಠತೆಗೆ ಸಾಕ್ಷಿಯಾಗಿ ಎಳೆದು ತರುವುದು ಸುಲಭ. ಸಿಯಾಲಿಕ್ ಆಮ್ಲಕ್ಕೆ ಪಂಕ್ತಿಭೇದ ತಿಳಿಯದು. ಬೆಂಕಿಯಲ್ಲಿ ಬೆಂದ ಮಾಂಸವೇ ಮನುಷ್ಯನ ಮಿದುಳನ್ನು ಬೆಳೆಸಿತೆನ್ನುವ ವಾದವೂ ಮಾನವಶಾಸ್ತ್ರದಲ್ಲಿದೆ. ವರ್ಕಿಯವರ ಶೋಧನೆಯ ಸ್ವಾರಸ್ಯವಿರುವುದು ಉಪದೇಶದಲ್ಲಲ್ಲ. ಹಿತವಾಗಿದ್ದೇ ಅಹಿತವೂ ಆಗುವ ಬಗೆಯನ್ನು ಒಂದು ಪರಮಾಣುವಿನವರೆಗೆ ಬೆನ್ನಟ್ಟಿ ಹೋದದ್ದರಲ್ಲಿ.

ಅವರ ಇತರ ಕೆಲಸಗಳಲ್ಲಿ ಎರಡನ್ನು ಹೇಳದೆ ಇರಲಾಗದು. 2005ರಲ್ಲಿ ಡ್ಯಾನಿ ಬ್ರೋವರ್ ಎಂಬ ಜೀವವಿಜ್ಞಾನಿ ಒಂದು ಸಭೆಯ ಸಂದರ್ಭದಲ್ಲಿ ಅವರೊಡನೆ ಮಾತಾಡಿದರು. ಸಾವಿನ ಅರಿವು ಮೂಡಿದ ಪ್ರಾಣಿ ಭಯದಿಂದಲೇ ಕುಗ್ಗಿಹೋಗಬೇಕಿತ್ತು; ಆ ಅರಿವನ್ನು ನಿರಾಕರಿಸುವ ಶಕ್ತಿಯೂ ಜೊತೆಗೆ ಬಂದುದರಿಂದ ಮನುಷ್ಯ ಉಳಿದ ಎಂಬುದು ಬ್ರೋವರರ ವಿಚಾರ. ಮಹಾಭಾರತದ ಯಕ್ಷನಿಗೆ ಧರ್ಮರಾಯನಿತ್ತ ಉತ್ತರವನ್ನು ಬಲ್ಲವರಿಗೆ ಇದು ದೂರದ ಮಾತಲ್ಲ. 2007ರಲ್ಲಿ ಬ್ರೋವರ್ ತೀರಿಕೊಂಡರು. ಹಸ್ತಪ್ರತಿ ಅಪೂರ್ಣವಾಗಿ ಉಳಿಯಿತು. ಅಲ್ಪ ಪರಿಚಯದ ಆ ವ್ಯಕ್ತಿಯ ಬರಹವನ್ನು ವರ್ಕಿ ಕೈಗೆತ್ತಿಕೊಂಡು ಪೂರ್ಣಗೊಳಿಸಿ 2013ರಲ್ಲಿ 'ಡಿನೈಯಲ್' ಎಂಬ ಹೆಸರಿನಿಂದ ಇಬ್ಬರ ಹೆಸರಿನಲ್ಲೂ ಪ್ರಕಟಿಸಿದರು. ಆ ಸಿದ್ಧಾಂತವನ್ನು ಒಪ್ಪದವರೂ ಈ ಋಣಸಂದಾಯವನ್ನು ಗೌರವಿಸಬೇಕು.

ಇನ್ನೊಂದು, ವಿದ್ಯೆಯನ್ನು ಹಂಚುವ ವಿಚಾರದಲ್ಲಿ ಅವರ ಔದಾರ್ಯ. 'ಜರ್ನಲ್ ಆಫ್ ಕ್ಲಿನಿಕಲ್ ಇನ್ವೆಸ್ಟಿಗೇಷನ್' ಎಂಬ ಪ್ರತಿಷ್ಠಿತ ಪತ್ರಿಕೆಗೆ ಅವರು ಸಂಪಾದಕರಾಗಿದ್ದ ಕಾಲದಲ್ಲಿ, 1996ರಲ್ಲಿ, ಅದನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆಯಲಾಯಿತು. ಪತ್ರಿಕೆಗಳ ಚಂದಾ ಕಟ್ಟಲಾರದ ಗ್ರಂಥಾಲಯಗಳಿಗೆ ಅದರ ಬೆಲೆ ಗೊತ್ತು. 1999ರಲ್ಲಿ ಸಹಸಂಪಾದಕರೊಡನೆ ಹೊರತಂದ 'ಎಸೆನ್ಷಿಯಲ್ಸ್ ಆಫ್ ಗ್ಲೈಕೊಬಯಾಲಜಿ' ಈ ಶಾಸ್ತ್ರದ ಆಕರಗ್ರಂಥವಾಗಿ ನಿಂತಿದೆ; ಎರಡನೆಯ ಆವೃತ್ತಿಯಿಂದ ಅದೂ ಮುದ್ರಣದ ಜೊತೆಜೊತೆಗೇ ಅಂತರ್ಜಾಲದಲ್ಲಿ ಉಚಿತ. ನಾಲ್ಕನೆಯ ಆವೃತ್ತಿ 2022ರದು. ಕಲೀನಾದ ಗ್ರಂಥಾಲಯದಲ್ಲಿ ಕುಳಿತ ವಿದ್ಯಾರ್ಥಿಯೂ ಸ್ಯಾನ್ ಡಿಯಾಗೊದ ವಿದ್ಯಾರ್ಥಿಯೂ ಓದುವುದು ಅದೇ ಪುಟವನ್ನು.

ಆ ಗ್ರಂಥದ ಪುಟಗಳಲ್ಲಿ ಕನ್ನಡದ ವಿದ್ಯಾರ್ಥಿಯ ಕಣ್ಣು ಮೊದಲು ನೆಡುವುದು ಅದರ ಲಿಪಿಯ ಮೇಲೆ. ಉದ್ದುದ್ದದ ರಾಸಾಯನಿಕ ನಾಮಗಳ ಬದಲಿಗೆ ಒಂದೊಂದು ಸಕ್ಕರೆಗೂ ಒಂದೊಂದು ಬಣ್ಣದ ಆಕೃತಿಯನ್ನು ಗೊತ್ತುಮಾಡಿದ್ದಾರೆ: ಗ್ಲೂಕೋಸಿಗೆ ನೀಲಿ ವೃತ್ತ, ಗ್ಯಾಲಕ್ಟೋಸಿಗೆ ಹಳದಿ ವೃತ್ತ, ಮ್ಯಾನೋಸಿಗೆ ಹಸಿರು ವೃತ್ತ. ಮುಂಬಯಿ ಗುಂಪಿನವರಲ್ಲಿ ಎಚ್ ಬುನಾದಿಗೆ ಸೇರದೆ ಹೋದ ಫ್ಯೂಕೋಸ್ ಒಂದು ಕೆಂಪು ತ್ರಿಕೋನ. ಸಿಯಾಲಿಕ್ ಆಮ್ಲಗಳು ವಜ್ರಾಕೃತಿಯವು. ಅಸಿಟೈಲ್ ರೂಪಕ್ಕೆ ನೇರಳೆ, ಗ್ಲೈಕೊಲಿಲ್ ರೂಪಕ್ಕೆ ತಿಳಿನೀಲಿ. ಚಿಂಪಾಂಜಿಯ ಕೋಶವನ್ನು ಚಿತ್ರಿಸುವಾಗ ಕೊಂಬೆಗಳ ತುದಿಯಲ್ಲಿ ಎರಡು ಬಣ್ಣಗಳೂ ಬರುತ್ತವೆ. ಮನುಷ್ಯನ ಕೋಶವನ್ನು ಚಿತ್ರಿಸುವವರು ನೇರಳೆಯನ್ನಷ್ಟೇ ಬಳಸುತ್ತಾರೆ. ಎಲ್ಲಿಯಾದರೂ ಒಂದು ತಿಳಿನೀಲಿ ವಜ್ರ ಬಿದ್ದಿದ್ದರೆ, ಅದು ಊಟದಿಂದ ಬಂದದ್ದು.